ಕಂಬಳಿಯಲ್ಲಿ ಘಟ್ಟ ಹತ್ತಿದ ಉಪ್ಪು

ದುರ್ಗಿಗೆ ಇಪ್ಪತ್ತಮೂರು ದಿನದ ಕೂಲಿ ಬರಬೇಕಿತ್ತು. ದಿನಕ್ಕೆ ಮೂರಾಣೆಯಂತೆ ನಾಲ್ಕು ರೂಪಾಯಿ ಐದಾಣೆ. ಗಂಡಸರಿಗಾದರೆ ದಿನಕ್ಕೆ ಐದಾಣೆ. ಹೊರುವ ಬುಟ್ಟಿ ಮಾತ್ರ ಇಬ್ಬರಿಗೂ ಒಂದೇ ಅಳತೆಯದು.

ಅದು ೧೯೩೦ರ ಮೇ ತಿಂಗಳು. ಅರಬೈಲ್ ಘಟ್ಟದ ನಡುವಿನ ಒಂದು ಹಳ್ಳದಲ್ಲಿ ಕಲ್ಲು ಒಡೆದು, ಜಲ್ಲಿಯನ್ನು ತಲೆಯ ಮೇಲೆ ಹೊತ್ತು, ಮೇಲಿನ ರಸ್ತೆಗೆ ಸುರಿಯುವ ಕೆಲಸ. ಮಂಚಿಕೇರಿ ಸುತ್ತಲಿನ ಕೇರಿಗಳಿಂದ ಇಪ್ಪತ್ತೆರಡು ಜನ ಬಂದಿದ್ದರು. ನೂರರ ತನಕ ತಪ್ಪದೆ ಎಣಿಸಲು ಬರುತ್ತಿದ್ದದ್ದು ಅವರಲ್ಲಿ ದುರ್ಗಿಗೆ ಮಾತ್ರ. ಹಾಗಾಗಿ ಮೂವತ್ತು ವರ್ಷದ ಆ ಹೆಂಗಸೇ ತಂಡದ ಯಜಮಾನಿ. ಗುತ್ತಿಗೆದಾರ ಯಾವುದೋ ದೂರದ ಪೇಟೆಯವನು, ಮುಖ ತೋರಿಸಿದ್ದು ಒಂದೇ ಸಲ. ಅವನ ಮಾತು ಸರಳವಾಗಿತ್ತು. ಮಳೆ ಹಿಡಿಯುವುದರೊಳಗೆ ಅರವತ್ತು ಬ್ರಾಸು, ಅಂದರೆ ಆರು ಸಾವಿರ ಘನ ಅಡಿ ಜಲ್ಲಿ ರಸ್ತೆಗೆ ಬಿದ್ದರೆ ಪೂರ್ತಿ ಕೂಲಿ, ಬೀಳದಿದ್ದರೆ ತಿಂದ ಅಕ್ಕಿಗೇ ಕೂಲಿ ವಜಾ, ಕೈಗೆ ಕಾಸಿಲ್ಲ. ಮಳೆಗಾಲದ ನಾಲ್ಕು ತಿಂಗಳ ಗಂಜಿ ಆ ಅರವತ್ತು ಬ್ರಾಸಿನ ಮೇಲೆ ನಿಂತಿತ್ತು.

ಇಪ್ಪತ್ತಮೂರು ದಿನಕ್ಕೆ ಬಿದ್ದದ್ದು ಇಪ್ಪತ್ತೆರಡು ಬ್ರಾಸು. ಮೊದಲ ವಾರ ದಿನಕ್ಕೆ ಎರಡೂವರೆಯಂತೆ ಬೀಳುತ್ತಿತ್ತು. ಆಮೇಲೆ ಸೆಟೆತ ಶುರುವಾಯಿತು.

ಮೊದಲು ಬಿದ್ದವನು ದುರ್ಗಿಯ ತಮ್ಮ ಹುಚ್ಚ. ಹೆಸರು ಹುಚ್ಚನಾದರೂ ತಂಡದಲ್ಲಿ ಅವನಷ್ಟು ಗಟ್ಟಿ ಆಳು ಇನ್ನೊಬ್ಬನಿರಲಿಲ್ಲ. ಏರಿನ ಅರ್ಧದಲ್ಲಿ ಬುಟ್ಟಿ ಎಸೆದು, ಮೀನಖಂಡ ಹಿಡಿದುಕೊಂಡು ಹೊರಳಾಡಿದ. ಸ್ನಾಯು ಚರ್ಮದ ಕೆಳಗೆ ಇಲಿಮರಿ ಓಡಿದ ಹಾಗೆ ಕುಣಿಯುತ್ತಿತ್ತು. ಮರುದಿನ ಮೂವರಿಗೆ, ಅದರ ಮರುದಿನ ಆರು ಜನಕ್ಕೆ. ಕಾಲಿನಿಂದ ತೊಡೆಗೆ, ತೊಡೆಯಿಂದ ಹೊಟ್ಟೆಗೆ. ಬಂಡೆಯಷ್ಟು ಗಟ್ಟಿ ಇದ್ದ ಗಂಡಸರು ಹೆರಿಗೆ ನೋವಿನವರ ಹಾಗೆ ಕೂಗುತ್ತಿದ್ದರು.

ಮುಕ್ಕದಮ ಗೋವಿಂದ ಹಾವೇರಿ ಕಡೆಯವನು. ನೆರಳಲ್ಲಿ ಕೂತು ಎಣಿಸುವುದು ಅವನ ಕೆಲಸ.

"ಏಳ್ರಲೇ, ನಾಟಕ ಸಾಕು! ಉಪ್ಪು ತಿಂದಾಂವ ನೀರು ಕುಡೀಬೇಕು ಅಂತಾರ. ನೀವು ಉಪ್ಪು ತಿನ್ನದನ ಹಂಡೆಗಟ್ಟಲೆ ಕುಡೀತೀರಲ್ಲ, ಎಮ್ಮಿಗಳೇನು?"

ಅವನು ಕುಹಕಕ್ಕೆ ಹೇಳಿದ್ದ. ರೋಗ ಆ ಮಾತಿನಲ್ಲೇ ಇತ್ತೆಂಬುದು ಅವನಿಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಉಪ್ಪು ತಿನ್ನದ ಕತೆ ಹೀಗಿದೆ. ಏಪ್ರಿಲಿನಲ್ಲಿ ಕಡಲ ಬದಿಯಲ್ಲಿ ಉಪ್ಪಿನ ಕಾಯ್ದೆ ಮುರಿದ ಸುದ್ದಿ ಘಟ್ಟ ಹತ್ತಿ ಬಂದಾಗ, ಊರೂರಿನಲ್ಲಿ ಸಭೆಯಾಯಿತು, ಆಣೆಯಾಯಿತು. ದುರ್ಗಿಯ ಕೇರಿಯವರು ಚೌಡಿ ಕಲ್ಲಿನ ಮೇಲೆ ಕೈಯಿಟ್ಟು, ಸರ್ಕಾರಕ್ಕೆ ಸುಂಕ ಕೊಟ್ಟ ಉಪ್ಪನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ ಎಂದರು. ಮೊದಲು ಕೈಯಿಟ್ಟವಳು ದುರ್ಗಿಯೇ. ದೊಡ್ಡ ಮನೆಯವರೂ ಅದೇ ಆಣೆ ಮಾಡಿದರು. ಅವರ ಅಟ್ಟದಲ್ಲಿ ಹೋದ ವರ್ಷ ಉಪ್ಪು ಸುರಿದು ಹಾಕಿದ ಮಿಡಿ ಉಪ್ಪಿನಕಾಯಿಯ ಭರಣಿಗಳು ಸಾಲಾಗಿದ್ದವು, ಒಂದೊಂದೂ ಮೊಣಕಾಲೆತ್ತರ. ಹಳೆಯ ಉಪ್ಪಿಗೆ ಆಣೆ ತಾಗುವುದಿಲ್ಲವೆಂದು ಅವರ ಲೆಕ್ಕ. ಆಣೆಯನ್ನು ಅಕ್ಷರಕ್ಕೆ ಅಕ್ಷರ ನಡೆಸಿದವರು, ಭರಣಿ ಇಲ್ಲದವರು. ಕಡಲಿನಿಂದ ಬಂದ ಕಳ್ಳ ಉಪ್ಪು ಮನೆಗೆ ಒಂದು ಚಿಟಿಕೆಯಂತೆ ಹಂಚಿಕೆಯಾಗಿ ವಾರದಲ್ಲಿ ಮುಗಿಯಿತು. ಒಣಮೀನು ಸರ್ಕಾರದ ಉಪ್ಪಿನಲ್ಲಿ ಊರಿದ್ದೆಂದು ಅದನ್ನೂ ಬಿಟ್ಟರು. ಸಪ್ಪೆ ಗಂಜಿ, ಒಂದು ಮೆಣಸಿನಕಾಯಿ. ಅಷ್ಟು ತಿಂದು ಮೇ ತಿಂಗಳ ಬಿಸಿಲಿಗೆ ಇಳಿದಿದ್ದರು.

ಕೆಲಸದ ಜಾಗದ ಗುಡಿಸಲಿನಲ್ಲಿ ಗುತ್ತಿಗೆದಾರನ ಉಪ್ಪಿನ ಮೂಟೆ ಬಾಯಿ ಬಿಚ್ಚಿಕೊಂಡೇ ಕೂತಿತ್ತು. ಹತ್ತು ಹೆಜ್ಜೆ. ಯಾರೂ ಮುಟ್ಟಲಿಲ್ಲ.

ಸೆಟೆತಕ್ಕೆ ತಂಡದ ಹಿರಿಯ ಚೌಡ ಬೇರೆಯೇ ಕಾರಣ ಹೇಳಿದ. "ಚೌಡಿ ಅಮ್ಮಂಗೆ ಸಪ್ಪೆ ಎಡೆ ಇಟ್ಟು ಬಂದೀವಿ. ಅವಳು ಬಿಡ್ತಾಳಾ? ಒಂದು ಕೋಳಿ ಬಿಡ್ಬೇಕು."

"ಕೋಳಿ ಎಲ್ಲಿಂದ ತರ್ತೆ ಮಾರಾಯಾ?" ಎಂದಳು ದುರ್ಗಿ. "ನಿನ್ನೇ ಬಿಡ್ಬೇಕಷ್ಟೆ."

ಇಪ್ಪತ್ತಮೂರನೇ ದಿನ ಯಲ್ಲಾಪುರದಿಂದ ಅಕ್ಕಿ ತಂದ ಲಾರಿಯಲ್ಲಿ ಮುನವ್ವರ್ ಬಂದ. ಲಾರಿ ಅವನ ಅಣ್ಣನದು. ಇವನು ಮುಂಬೈಯಲ್ಲಿ ಕಂಪೌಂಡರ್ ಕೆಲಸ ಕಲಿತು ಬಂದು, ಊರಲ್ಲಿ ಒಬ್ಬ ವೈದ್ಯರ ಕೈಕೆಳಗೆ ಔಷಧಿ ಕಟ್ಟುತ್ತಿದ್ದ ಹುರಿಗಡಲೆಯಂಥ ಚುರುಕು ಮನುಷ್ಯ. ವೈದ್ಯರಿಗೆ ಅಂಚೆಯಲ್ಲಿ ಬರುತ್ತಿದ್ದ ಇಂಗ್ಲಿಷ್ ವೈದ್ಯಪತ್ರಿಕೆಗಳನ್ನು ಅವರಿಗಿಂತ ಮೊದಲು ಓದುತ್ತಿದ್ದ. ಹೊರಳಾಡುತ್ತಿದ್ದ ಹುಚ್ಚನ ಪಕ್ಕದಲ್ಲಿ ಕೂತು ನಾಡಿ ಹಿಡಿದ, ಹೊಟ್ಟೆ ಒತ್ತಿದ, ಬೆನ್ನು ತಿರುಗಿಸಿ ನೋಡಿದ.

"ಅಕ್ಕಾ, ಮೊದ್ಲು ಇವನ ಬೆನ್ನ ಮೇಲೆ ಬೆವರು ಒಣಗಿದ್ರೆ ಬಿಳಿ ಗೆರೆ ಏಳ್ತಿತ್ತಾ?"

"ಎಲ್ಲರಿಗೂ ಏಳ್ತಿತ್ತು. ಈಗಿಲ್ಲೆ."

"ನೀರು ಎಷ್ಟು ಕುಡೀತಾನೆ?"

"ಕೆರೆ ಖಾಲಿ ಮಾಡ್ತಾನೆ."

ಮುನವ್ವರ್ ನಕ್ಕ. "ಹಂಗಾದ್ರೆ ಇದು ನಿಮ್ಮ ಅಮ್ಮನ ಸಿಟ್ಟೂ ಅಲ್ಲ, ಮುಕ್ಕದಮರು ಹೇಳೋ ನಾಟಕಾನೂ ಅಲ್ಲ. ವಿಲಾಯತಿ ಕಲ್ಲಿದ್ದಲ ಗಣಿಯೊಳಗೆ ಹಿಂಗೇ ಆಗ್ತದೆ. ಸೆಕೆಗೆ ಬೆವರಲ್ಲಿ ಮೈ ಉಪ್ಪು ಹೊರಗೆ ಹೋಗ್ತದೆ. ಮೇಲಿಂದ ಬರೀ ನೀರು ಕುಡಿದ್ರೆ ಒಳಗೆ ಉಳಿದ ಉಪ್ಪೂ ತೆಳ್ಳಗಾಗ್ತದೆ. ಆಗ ಮಾಂಸ ಸೆಟೀತದೆ. ಅಲ್ಲಿ ಪರೀಕ್ಷೆ ಮಾಡಿ ನೋಡಿದಾರೆ. ಕುಡಿಯೋ ನೀರಿಗೆ ಚೂರು ಉಪ್ಪು ಹಾಕಿದ್ರು, ನಿಂತುಹೋಯ್ತು. ಹಂಡೆಗೆ ಒಂದು ಮುಷ್ಟಿ. ಅಷ್ಟೇ ಔಷಧಿ."

ತಂಡ ಗುಡಿಸಲಿನ ಮೂಟೆಯ ಕಡೆ ನೋಡಿತು. ಆಮೇಲೆ ದುರ್ಗಿಯ ಕಡೆ.

"ಬ್ಯಾರೆ ಔಷಧಿ ಹೇಳಿ ಸಾಯ್ಬರೆ," ಎಂದಳು ಅವಳು.

"ಬೇರೆ ಇಲ್ಲ."

ಗೋವಿಂದ ನೆರಳಿನಿಂದಲೇ ಕೂಗಿದ: "ಮೂಟಿ ಅಲ್ಲೇ ಐತಿ, ತಗೋರಿ! ಪುಗಸಟ್ಟೆ ಕೊಡ್ತೀನಿ. ನಿಮ್ಮ ಆಣೆ ಏನು, ಬೆಲ್ಲದ ಉಂಡಿ. ನೀರಿಗೆ ಹಾಕಿದ್ರ ಕರಗತೈತಿ."

ಆ ಸಂಜೆ ಜಗಳವಾಯಿತು. ಹೊಟ್ಟೆ ದೊಡ್ಡದೋ ಆಣೆ ದೊಡ್ಡದೋ ಎಂದು ಕೆಲವರು. ದೊಡ್ಡ ಮನೆಯವರ ಭರಣಿ ನೆನಪಿಸಿದವರು ಕೆಲವರು. ದುರ್ಗಿಯ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಆಣೆ ಮಾಡಿದ್ದು ಉಪ್ಪಿನ ಮೇಲಲ್ಲ, ಸುಂಕದ ಮೇಲೆ. ಸುಂಕವಿಲ್ಲದ ಉಪ್ಪು ಭೂಮಿಯ ಮೇಲೆ ಇಲ್ಲದೇನಿಲ್ಲ. ಘಟ್ಟ ಇಳಿದು ಎರಡು ದಿನ ನಡೆದರೆ ಕಡಲೇ ಇದೆ.

"ಐದು ದಿನ ಕೊಡಿ," ಎಂದಳು. "ಹುಚ್ಚನೂ ನಾನೂ ಹೋಗಿ ಬತ್ತೇವೆ. ಅಲ್ಲಿವರೆಗೆ ನೆಳಲಲ್ಲಿ ಕೂತು ಕಲ್ಲು ಒಡೀರಿ, ಹೊರಬೇಡಿ. ಮೂಟೆ ಮುಟ್ಟಿದವರು ನನ್ನ ಕಣ್ಣಿಗೆ ಬೀಳೂದು ಬೇಡ."

ದಾರಿಯಲ್ಲಿ ಹಾಸಿ ಮಲಗಲೆಂದು ಇಬ್ಬರೂ ಕಂಬಳಿ ಹೆಗಲಿಗೇರಿಸಿ, ಖಾಲಿ ಬುಟ್ಟಿ ಹಿಡಿದು ಇಳಿದರು. ಗಂಗಾವಳಿ ಹೊಳೆಯ ದಂಡೆ ಹಿಡಿದು ಎರಡು ದಿನ. ಅಂಕೋಲೆಯ ಆಚೆ ಕಡಲಿನ ಹಿನ್ನೀರಿನ ಬದಿಯಲ್ಲಿ, ಸೀತಮ್ಮ ಎಂಬ ಮುದುಕಿ ಗುಂಡಿ ತೋಡಿ ಉಪ್ಪುನೀರು ಕಾಯಿಸುತ್ತಿದ್ದಳು. ಅವಳ ಇಬ್ಬರು ಮಕ್ಕಳು ಅದೇ ಅಪರಾಧಕ್ಕೆ ಜೈಲಿನಲ್ಲಿದ್ದರು.

"ಉಪ್ಪು ಎಷ್ಟು ಬೇಕಾರೂ ತಕೊ," ಎಂದಳು ಸೀತಮ್ಮ. "ತಕೊಂಡು ಎಂತ ಮಾಡ್ತೆ? ಘಟ್ಟದ ಬುಡದಲ್ಲಿ ಪೊಲೀಸರು ನಾಕೆ ಹಾಕಿ ದಾರಿ ಕಾಯ್ತ್ರು. ಬುಟ್ಟಿ ಬುಟ್ಟಿ ಮಗುಚ್ತ್ರು. ಮೊನ್ನೆ ಒಬ್ಬನ ಸೊಂಟದ ಗಂಟೂ ಬಿಚ್ಸಿ ಹೊಳೆಗೆ ಸುರ್ದ್ರು."

ದುರ್ಗಿ ಅಲ್ಲೇ ಕೂತಳು. ಬಿಸಿಲಿಗೆ ಹೆಗಲ ಮೇಲಿನ ಕಂಬಳಿ ಚುಚ್ಚುತ್ತಿತ್ತು, ಕಿತ್ತು ಪಕ್ಕಕ್ಕೆಸೆದಳು. ಅದು ಹೋಗಿ ಬಿದ್ದದ್ದು ಗುಂಡಿಯ ಅಂಚಿಗೆ. ಒಂದು ತುದಿ ನೀರಿಗಿಳಿದು ಹೀರತೊಡಗಿತು. ಕಂಬಳಿ ನೀರು ಕುಡಿಯುವ ಪರಿಯನ್ನು ಮಲೆನಾಡಿನವಳಿಗೆ ಯಾರೂ ಕಲಿಸಬೇಕಿಲ್ಲ. ಆಷಾಢದ ಗದ್ದೆಯಲ್ಲಿ ತನ್ನ ತೂಕದ ಮೂರು ಪಟ್ಟು ನೀರು ಹೊತ್ತ ಕಂಬಳಿಯನ್ನು ಹೊದ್ದು ಬೆಳೆದವಳು ಅವಳು.

"ಹುಚ್ಚಾ, ನಿನ್ನದೂ ತೆಗಿ."

ಎರಡು ಕಂಬಳಿಗಳನ್ನೂ ಕಾದು ದಪ್ಪಗಾದ ಉಪ್ಪುನೀರಿನಲ್ಲಿ ಅದ್ದಿ, ಬಿಸಿ ಮರಳ ಮೇಲೆ ಒಣಗಿಸಿದರು. ಮತ್ತೆ ಅದ್ದಿದರು, ಮತ್ತೆ ಒಣಗಿಸಿದರು. ಮೂರನೆಯ ಸಲಕ್ಕೆ ಕಂಬಳಿ ಹಲಗೆಯಾಗಿತ್ತು. ಕರಿಯ ಕಂಬಳಿ ಬೂದಿ ಬಡಿದ ಹಾಗೆ ಬೆಳ್ಳಗಾದದ್ದನ್ನು ಸೀತಮ್ಮನ ಒಲೆಯ ಮಸಿಯಿಂದ ಉಜ್ಜಿದರು. ಒಂದೊಂದರಲ್ಲೂ ಎರಡು ಸೇರಿಗೆ ಕಡಿಮೆಯಿಲ್ಲದ ಉಪ್ಪು.

"ಹೊದ್ಕಂಡು ನಡೀತ್ಯಾ ಈ ಸೆಕೇಲಿ?" ಎಂದಳು ಸೀತಮ್ಮ. "ಹುಚ್ಚು ನಿನ್ನ ತಮ್ಮನ ಹೆಸರಲ್ಲಿ ಮಾತ್ರ ಇಲ್ಲ ಹೆಣ್ಣೇ."

ನಾಕೆಯಲ್ಲಿ ಪೇದೆ ಬುಟ್ಟಿ ಮಗುಚಿದ. ಎರಡು ಒಣಗಿದ ತೆಂಗಿನಕಾಯಿ, ನೀರು ಕುಡಿಯುವ ಒಂದು ಕರಟ ಉರುಳಿದವು.

"ಮೇ ತಿಂಗಳಲ್ಲಿ ಕಂಬಳಿ ಯಾಕೆ?"

"ಜ್ವರ ಒಡೆಯಾ," ಎಂದಳು ದುರ್ಗಿ. ಹಲ್ಲು ಕಟಕಟ ಅನ್ನಿಸಿದಳು. "ಚಳಿ ಜ್ವರ. ಇವಂಗೂ ಬಂದದೆ."

ಯಲ್ಲಾಪುರದ ಜ್ವರದ ಹೆಸರು ಕೇಳಿದರೆ ವರ್ಗವಾಗಿ ಬಂದ ಸರ್ಕಾರಿ ನೌಕರರು ಉಯಿಲು ಬರೆಯುತ್ತಿದ್ದ ಕಾಲ ಅದು. ಕಡು ಬೇಸಿಗೆಯಲ್ಲಿ ಕಂಬಳಿ ಹೊದ್ದು ನಡುಗುವವರು ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಜನ ಸಿಗುತ್ತಿದ್ದರು. ಪೇದೆ ಮೂರು ಹೆಜ್ಜೆ ಹಿಂದೆ ಸರಿದ.

"ಹೋಗ್ ಹೋಗ್ ಹೋಗ್! ಹತ್ರ ಬರಬೇಡ!"

ಸರ್ಕಾರದ ಮೂಗಿನ ಕೆಳಗೆ ನಾಲ್ಕು ಸೇರು ಉಪ್ಪು ನಡೆದುಕೊಂಡೇ ಹೋಯಿತು.

ನಾಕೆ ದಾಟಿದವರು ಕಂಬಳಿ ತೆಗೆಯುವ ಹಾಗಿರಲಿಲ್ಲ. ಏರುದಾರಿಯಲ್ಲಿ ಪೊಲೀಸರ ಸೈಕಲ್ಲು ಮೇಲೆ ಕೆಳಗೆ ಓಡಾಡುತ್ತಿತ್ತು. ಎರಡನೇ ತಿರುವಿನ ಹತ್ತಿರ ಹುಚ್ಚ ಕುಸಿದ. ಮೊದಲು ಮೀನಖಂಡ, ಆಮೇಲೆ ಹೊಟ್ಟೆ. ಹೊಟ್ಟೆ ಕಲ್ಲಾಗಿ, ಉಸಿರಿಗೆ ಬಾಯಿ ತೆರೆದ. ದುರ್ಗಿ ಕಾಲು ತಿಕ್ಕಿದಳು, ಬೈದಳು, ಚೌಡಿಯನ್ನು ಕರೆದಳು. ಯಾವುದೂ ನಾಟಲಿಲ್ಲ. ನಿಜ ಹೇಳಬೇಕೆಂದರೆ, ಮುನವ್ವರನ ಮಾತನ್ನು ಅಲ್ಲಿಯವರೆಗೆ ಅವಳೂ ಪೂರ್ತಿ ನಂಬಿರಲಿಲ್ಲ. ಬೇರೆ ದಾರಿ ಕಾಣದೆ ಕಡಲಿಗೆ ಹೋಗಿದ್ದಳು, ಅಷ್ಟೆ. ಈಗಲೂ ಬೇರೆ ದಾರಿ ಕಾಣಲಿಲ್ಲ. ಪಕ್ಕದ ಝರಿಯಲ್ಲಿ ಕಂಬಳಿಯ ಒಂದು ಮೂಲೆ ಅದ್ದಿ, ತೆಂಗಿನ ಕರಟಕ್ಕೆ ಹಿಂಡಿ, ಮೇಲೆ ಝರಿಯ ನೀರು ಬೆರೆಸಿ ಅವನ ಬಾಯಿಗೆ ಹಿಡಿದಳು.

"ಥೂ! ಕುರಿ ಕುಡ್ದಂಗಾತು!"

"ಕುರಿಯಾದ್ರೂ ಕುಡಿ, ಕೋಣ ಆದ್ರೂ ಕುಡಿ. ನುಂಗು!"

ಮೂರು ಕರಟ ಕುಡಿಸಿದಳು. ಒಂದು ಎಲೆಯಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತು. ಅವಳ ಅಂಗೈಯ ಕೆಳಗೆ ಕಲ್ಲಾಗಿದ್ದ ಹೊಟ್ಟೆ ಮೆತ್ತಗಾಯಿತು. ಹುಚ್ಚ ಎದ್ದು ಕೂತ. ಕಾಲು ಚಾಚಿದ, ಮಡಚಿದ, ಮತ್ತೆ ಚಾಚಿದ. ಇಬ್ಬರೂ ಆ ಕಾಲನ್ನು ಬೇರೆ ಯಾರದೋ ಕಾಲು ಎಂಬಂತೆ ನೋಡಿದರು.

"ಸಾಯ್ಬ ಸುಳ್ಳು ಹೇಳಿಲ್ಲ," ಎಂದಳು ದುರ್ಗಿ.

ಆದರೆ ಕೆಲಸದ ಜಾಗ ಮುಟ್ಟಿದ ಮೇಲೆ ತಂಡ ನಂಬಬೇಕಲ್ಲ. ಚೌಡನಂತೂ ಮೂಗು ಮುಚ್ಚಿಕೊಂಡ. "ಅಮ್ಮನ ಸಿಟ್ಟಿಗೆ ಕಂಬಳಿ ತೊಳ್ದ ನೀರೋ! ಇಂಥಾ ತೀರ್ಥ ನನ್ನಪ್ಪನೂ ಕುಡ್ದಿಲ್ಲ."

ಮುನವ್ವರ್ ಆ ದಿನ ಮತ್ತೆ ಲಾರಿಯಲ್ಲಿ ಬಂದಿದ್ದ. "ನಂಬಬೇಡ ಚೌಡಣ್ಣ, ಯಾರನ್ನೂ ನಂಬಬೇಡ. ಎಣಿಸು. ಎರಡು ಹಂಡೆ ಇಡೋಣ. ಒಂದರಲ್ಲಿ ಕಂಬಳಿ ನೀರು, ಒಂದರಲ್ಲಿ ಬರೀ ನೀರು. ಹನ್ನೊಂದು ಜನ ಅದು, ಹನ್ನೊಂದು ಜನ ಇದು. ಮೂರು ದಿನ. ಯಾರು ಬಿದ್ರೂ ಆ ಹಂಡೆ ಪಕ್ಕ ಒಂದು ಕಲ್ಲು. ನಿಮ್ಮ ಅಮ್ಮ ಸಿಟ್ಟಾಗಿದ್ರೆ ಎರಡೂ ಕಡೆ ಒಂದೇ ಥರ ಬೀಳಿಸ್ತಾಳೆ. ಅವಳೇನು ಪಕ್ಷಪಾತಿ ಅಲ್ವಲ್ಲ?"

ಚೌಡನಿಗೆ ಇದು ನ್ಯಾಯವೆನಿಸಿತು. ಬರೀ ನೀರಿನ ಹಂಡೆಯನ್ನು ಅವನೇ ಆರಿಸಿಕೊಂಡ. ಇನ್ನು ಹತ್ತು ಜನ ಯಾರು? ಯಾರೂ ಮುಂದೆ ಬರಲಿಲ್ಲ. ಉಪ್ಪು ತಂದವಳು ದುರ್ಗಿ. ಅವಳೇ ಹೋಗಿ ಚೌಡನ ಪಕ್ಕ ನಿಂತಳು. ಅವಳು ನಿಂತ ಮೇಲೆ ಇನ್ನು ಒಂಬತ್ತು ಜನ ಒಬ್ಬೊಬ್ಬರಾಗಿ ಬಂದು ಆ ಕಡೆ ಸೇರಿದರು.

ಮೊದಲ ದಿನ ಬರೀ ನೀರಿನ ಕಡೆ ನಾಲ್ಕು ಕಲ್ಲು, ಉಪ್ಪುನೀರಿನ ಕಡೆ ಎರಡು. ಎರಡನೇ ದಿನ ಐದು, ಒಂದು. ಅಂದು ಬಿದ್ದವರಲ್ಲಿ ದುರ್ಗಿಯೂ ಇದ್ದಳು. ತೊಡೆ ಹಿಡಿದು ಹಲ್ಲು ಕಚ್ಚಿ ಒದ್ದಾಡುವಾಗ ಹುಚ್ಚ ಕರಟ ತಂದ. ಅದನ್ನು ಕೈಯಿಂದ ತಳ್ಳಿದಳು. "ನಾಳೆ ಒಂದು ದಿನ ಅದೆ. ಲೆಕ್ಕ ಕೆಡಿಸ್ಬೇಡ. ಕಲ್ಲು ಇಡು." ಮೂರನೇ ದಿನ ಮಧ್ಯಾಹ್ನದೊಳಗೆ ಬರೀ ನೀರಿನ ಪಕ್ಕ ಏಳು ಕಲ್ಲು, ಆ ಕಡೆ ಸೊನ್ನೆ. ಏಳನೆಯದು ಚೌಡನದು. ಹೊಟ್ಟೆ ಹಿಡಿದುಕೊಂಡು ಅಂಡೂರಿ ತೆವಳುತ್ತ ಅವನು ಉಪ್ಪುನೀರಿನ ಹಂಡೆಗೆ ಹೋದ. ತಲೆಯೇ ಒಳಗೆ ಹಾಕಿದ.

"ಹೆಂಗಿದೆ ಚೌಡಣ್ಣ ತೀರ್ಥ?" ಎಂದು ಹುಚ್ಚ ಕೂಗಿದ.

ಚೌಡ ತಲೆ ಎತ್ತಿದ. ಮೀಸೆಯಿಂದ ನೀರು ಇಳಿಯುತ್ತಿತ್ತು. "ಕುರಿ ಚಲೋ ಜಾತೀದು," ಎಂದ.

ಘಟ್ಟಕ್ಕೆ ಘಟ್ಟವೇ ನಕ್ಕಿತು. ಬಿದ್ದುಕೊಂಡವರೂ ಬಿದ್ದಲ್ಲೇ ನಕ್ಕರು. ಅಂದೇ ಎರಡೂ ಹಂಡೆಗೆ ಕಂಬಳಿ ಬಿತ್ತು.

ಕಡಲಿಗೆ ಹೋದ ಐದು ದಿನ ಒಡೆದಿಟ್ಟ ಜಲ್ಲಿ ಹಳ್ಳದಲ್ಲಿ ಗುಡ್ಡೆಯಾಗಿತ್ತು. ಅದು ದೊಡ್ಡ ಉಪಕಾರವಾಯಿತು, ಈಗ ಒಡೆಯುವವರೂ ಬುಟ್ಟಿ ಹಿಡಿದರು. ಹಂಡೆ ಹಳ್ಳದಲ್ಲಲ್ಲ, ಏರಿನ ನಡುವೆ ಇರಬೇಕೆಂದು ದುರ್ಗಿ ಹೇಳಿದಳು. ಐದು ಸಲ ಹತ್ತಿದವರು ಕೂತು ಒಂದು ಕರಟ ಕುಡಿದೇ ಮುಂದಿನ ಬುಟ್ಟಿ. ಗೋವಿಂದ ಓಡಿ ಬಂದ.

"ಕುಂದ್ರಾಕ ಕೂಲಿ ಕೊಡ್ತೀನೇನು? ಏಳ್ರಿ!"

"ಕೂತು ಎದ್ದವರು ಹೊರೂದು ಎಣ್ಸು, ನಿಂತು ಬಿದ್ದವರು ಹೊತ್ತದ್ದೂ ನಿನ್ನ ಪುಸ್ತಕದಲ್ಲಿ ಅದೆ, ಅದನ್ನೂ ಎಣ್ಸು," ಎಂದಳು ದುರ್ಗಿ. "ಎಣ್ಸೂಕೆ ಬರದಿದ್ರೆ ನನ್ನ ಕರಿ. ನೂರರ ತನಕ ನಾ ಎಣಿಸ್ತೆ."

ಎಣಿಸಿದ. ದಿನಕ್ಕೆ ಮೂರು ಬ್ರಾಸು. ಮರುದಿನ ಮೂರೂಕಾಲು. ಕಂಬಳಿಯಲ್ಲಿ ಉಪ್ಪು ತೀರುವ ಹೊತ್ತಿಗೆ ಹುಚ್ಚ ಮತ್ತು ಇನ್ನಿಬ್ಬರು ಮೂರು ಹೊಸ ಕಂಬಳಿ ಹೊದ್ದು ಇಳಿದು, ಜ್ವರ ಬಂದವರಾಗಿ ಹತ್ತಿ ಬಂದರು. ನಾಕೆಯ ಪೇದೆ ಈ ಸಲ ದೂರದಿಂದಲೇ ಕೈಬೀಸಿ ಕಳಿಸಿದನಂತೆ. ಬೆನ್ನ ಮೇಲೆ ಬಿಳಿ ಗೆರೆ ಮತ್ತೆ ಎದ್ದವು. ಸಂಜೆ ಒಬ್ಬರ ಬೆನ್ನು ಒಬ್ಬರು ನೋಡಿ, ಬೆಳೆ ಬಂದ ಗದ್ದೆ ನೋಡಿದ ಹಾಗೆ ಖುಷಿಪಟ್ಟರು.

ಜೂನ್ ಎಂಟರ ಮಧ್ಯಾಹ್ನ ಗೋವಿಂದ ಅಳತೆಯ ಪೆಟ್ಟಿಗೆ ಇಟ್ಟು ಅಳೆದ. ಅರವತ್ತು. ನಂಬದೆ ಇನ್ನೊಮ್ಮೆ ಅಳೆದ. ಅರವತ್ತರ ಮೇಲೆ ಒಂದು ಪೆಟ್ಟಿಗೆ ಹೆಚ್ಚು. ಆಕಾಶ ಕಪ್ಪಾಗಿತ್ತು, ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಗುತ್ತಿಗೆದಾರ ಎರಡನೇ ಸಲ ಮುಖ ತೋರಿಸಿದ. ರಸ್ತೆಯ ಇಂಜಿನಿಯರ್ ಪಕ್ಕದಲ್ಲೇ ನಿಂತಿದ್ದರಿಂದ ಮಾತು ತಿರುಗಿಸಲಾಗದೆ ಇಪ್ಪತ್ತೆರಡು ಜನಕ್ಕೂ ಬಿಡಿಕಾಸು ಬಿಡದೆ ಕೊಟ್ಟ. ಗುಡಿಸಲಿನ ಉಪ್ಪಿನ ಮೂಟೆ ಬಂದಷ್ಟೇ ತೂಕದಲ್ಲಿ ಲಾರಿ ಹತ್ತಿ ವಾಪಸು ಹೋಯಿತು. ಅದನ್ನು ಎತ್ತಿ ಹಾಕಿದವನು ಚೌಡ. ಎತ್ತುವಾಗ ಬೇಕೆಂದೇ ಒಂದು ಕೈಯಲ್ಲಿ ಎತ್ತಿದ.

ಮುನವ್ವರ್ ಆ ಮೂರು ದಿನದ ಕಲ್ಲಿನ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆದು ಒಂದು ವೈದ್ಯಪತ್ರಿಕೆಗೆ ಕಳಿಸಿದ. ಉತ್ತರ ಬರಲಿಲ್ಲ. "ಬರದಿದ್ರೆ ಅವರಿಗೇ ಲುಕ್ಸಾನು," ಎಂದ. ಅದು ನಿಜವೇ. ಆಮೇಲಿನ ವರ್ಷಗಳಲ್ಲಿ ದೂರದ ದೇಶಗಳಲ್ಲಿ ಅಣೆಕಟ್ಟು ಕಟ್ಟುವವರ ಮೇಲೂ ಕುಲುಮೆಯವರ ಮೇಲೂ ಪರೀಕ್ಷೆ ಮಾಡಿ, ಪಂಡಿತರು ಇದೇ ಮಾತಿಗೆ ಬಂದರೆಂದು ಅವನೇ ಓದಿ ಹೇಳುತ್ತಿದ್ದ. ದುರ್ಗಿ ಕೇಳಿಸಿಕೊಂಡು, "ತಡ ಮಾಡಿದ್ರು," ಎನ್ನುತ್ತಿದ್ದಳು.

ಅವಳ ಹೆಸರು ಹಬ್ಬಿತು. ಆ ದಶಕವಿಡೀ ಸಿರಸಿ, ಸಿದ್ದಾಪುರ, ಯಲ್ಲಾಪುರದ ರಸ್ತೆ, ಮೋರಿ, ಕೆರೆ ಕೆಲಸಕ್ಕೆ ತಂಡ ಕಟ್ಟಿಕೊಂಡು ಹೋದಳು. ಕೂಲಿಯ ಚೌಕಾಸಿಗೆ ಮೊದಲು ಅವಳದು ಒಂದೇ ಪ್ರಶ್ನೆ: "ಹಂಡೆಗೆ ಉಪ್ಪು ಯಾರು ಹಾಕ್ತ್ರು, ಕುಡ್ಯೂಕೆ ಕೂತ ಹೊತ್ತು ಯಾರ ಲೆಕ್ಕ?" ೧೯೩೬ರಲ್ಲಿ ಸಿರಸಿ ಬಳಿ ಒಬ್ಬ ಗುತ್ತಿಗೆದಾರ ನಕ್ಕ. ನಲವತ್ತು ಜನರನ್ನು ಎಬ್ಬಿಸಿಕೊಂಡು ಹೊರಟಳು. ಅವನು ಒಂದು ಮೈಲಿ ಹಿಂದೆ ಓಡಿ ಬಂದು ಒಪ್ಪಿದ. ಹೆಂಗಸರ ಕೂಲಿಗೂ ಅಂದೇ ಒಂದಾಣೆ ಏರಿಸಿಕೊಂಡಳು. ಓಡಿಸಿದ್ದಕ್ಕೆ ದಂಡ ಎಂದಳು. ಅವಳ ತಂಡದಲ್ಲಿ ಸೆಟೆತಕ್ಕೆ ಬಿದ್ದವರು ಇಲ್ಲವೆಂದಲ್ಲ, ಇದ್ದರು. ಆದರೆ ಸತ್ತವರಿಲ್ಲ.

ಈಗ ಓದುತ್ತಿರುವವರಿಗೆ ನೇರವಾಗಿ. ನಿಮ್ಮ ಓಣಿಯಲ್ಲಿ ಯಾರೋ ಅಗೆಯುತ್ತಿದ್ದಾರೆ, ಹೊರುತ್ತಿದ್ದಾರೆ, ಟಾರು ಸುರಿಯುತ್ತಿದ್ದಾರೆ. ಮೈದಾನದಲ್ಲಿ ಚೆಂಡು ಒದೆಯುವವನ ಬೆವರಿಗೆ ಸಿಗುವ ಉಪ್ಪುನೀರಿನ, ವಿರಾಮದ ಲೆಕ್ಕ ಇವರ ಬೆವರಿಗೂ ಸಿಗಬೇಕು. ಕೆಲಸ ಮಾಡಿಸುವವರು ನೀವಾದರೆ, ಇವತ್ತೇ ಚಿಟಿಕೆ ಉಪ್ಪು ಬೆರೆಸಿದ ನೀರಿನ ಕೊಡವನ್ನು ನೆರಳಿನಲ್ಲಿ ಇಡಿ, ಅದರ ಬೆಲೆಯನ್ನು ಕೂಲಿಯಲ್ಲಿ ಮುರಿಯಬೇಡಿ, ಕೂತ ಹೊತ್ತಿಗೂ ಕೂಲಿ ಬರೆಯಿರಿ. ಮಾಡಿಸುವವರು ಬೇರೆಯವರಾದರೆ, ಹೋಗಿ ಅವರನ್ನು ಕೇಳಿ: ಕೊಡ ಎಲ್ಲಿ? ಉತ್ತರ ಸಿಗುವ ತನಕ ಅಲ್ಲಿಂದ ಕದಲಬೇಡಿ.